ಟನ್ನಿಗೆ ಎಷ್ಟು ಗ್ರಾಂ

ಎರಡನೇ ಪಾಳಿಯ ಸೈರನ್ ಕೂಗಿ ನಿಂತ ಮೇಲೆ
ಹಟ್ಟಿಯ ಕ್ಯಾಂಟೀನಿನಲ್ಲಿ, ಮಿರ್ಚಿಯ ಎಣ್ಣೆ ಆರುವ ಹೊತ್ತಿಗೆ,
ಶಂಶಾಲಂ ಫೋನು ತಿರುಗಿಸಿ ತೋರಿಸುತ್ತಾನೆ:
"ನೋಡ್ರಿ ಅಮರಮ್ಮ, ನಿನ್ನೆ ನೂರಾ ಹನ್ನೊಂದಿತ್ತು.
ಇವತ್ತು ನೂರಾ ಮೂವತ್ತು."

ಏನು ಮಾಡ್ತದ ಈ ಕಂಪನಿ?
"ಯಂತ್ರಕ್ಕ ಯೋಚನಿ ಮಾಡೋದು ಕಲಸ್ತದ."
ಲಾಭ?
"ಇನ್ನಾ ಇಲ್ಲ. ಬರ್ತದ."
ಯಾವಾಗ?
ಅವನು ಮಿರ್ಚಿ ಸೀಳಿ, ಬೀಜ ಕೆರೆದು, ತಟ್ಟೆಯ ಅಂಚಿಗೆ ಒತ್ತಿದ.
ಅದೇ ಉತ್ತರವೇನೋ.

ನಾನು ಇಪ್ಪತ್ತಾರು ವರ್ಷದಿಂದ ಪರೀಕ್ಷಾಲಯದವಳು.
ಕೆಳಗಿನಿಂದ ಬಂದ ಕಲ್ಲನ್ನು ಹಿಟ್ಟಾಗಿಸಿ
ಸೀಸದ ಪುಡಿ, ಬಿಳಿಗಾರ ಬೆರೆಸಿ ಮೂಸೆಗೆ ಸುರಿದು
ಕುಲುಮೆಯ ಬಾಗಿಲಲ್ಲಿ ಹುಬ್ಬು ಸುಟ್ಟುಕೊಂಡವಳು.
ಕರಗಿದ ಸೀಸವನ್ನೆಲ್ಲ ಬೂದಿಬಟ್ಟಲು ಕುಡಿದುಬಿಡುತ್ತದೆ.
ತಳದಲ್ಲಿ ಉಳಿಯುವುದು ಒಂದು ಚುಕ್ಕಿ,
ಗಸಗಸೆಯೂ ಅದರ ಪಕ್ಕ ದಪ್ಪಗೆ ಕಾಣುತ್ತದೆ.
ತೂಗುವಾಗ ಉಸಿರು ಬಿಡಬಾರದು:
ತಕ್ಕಡಿ ಉಸಿರನ್ನೂ ಬಂಗಾರವೆಂದು ಬರೆದುಕೊಳ್ಳುತ್ತದೆ.

ಹಾಗಾಗಿ ಯಾರು ಏನೇ ಹೊಗಳಿದರೂ
ನಾಲಿಗೆಗೆ ಬರುವುದು ಒಂದೇ ಮಾತು:
ಟನ್ನಿಗೆ ಎಷ್ಟು ಗ್ರಾಂ?
ತಂಗಿಗೆ ಗಂಡು ನೋಡಲು ಹೋದಾಗಲೂ ಕೇಳಿ
ಬೈಸಿಕೊಂಡಿದ್ದೇನೆ.

ನಾನು ಕೊಂಡದ್ದೂ ತಂತ್ರಜ್ಞಾನದ ಷೇರೇ.
ಸಹಕಾರಿ ಬ್ಯಾಂಕುಗಳ ಲೆಕ್ಕ ಬರೆಯುವ ಕಂಪನಿ,
ಮೂರು ತಿಂಗಳಿಗೊಮ್ಮೆ ತಪ್ಪದೆ ಲಾಭ,
ಬೆಲೆ ಮಾತ್ರ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು.
ಅದೇ ವರ್ಷ ಪೈಪು ಮಾರುವ ಒಂದು ಕಂಪನಿ
ಹೆಸರಿನ ಬಾಲಕ್ಕೆ 'ಟೆಕ್' ಅಂಟಿಸಿಕೊಂಡಿತು.
ಪೈಪು ಅದೇ, ತೂತೂ ಅದೇ,
ಬೆಲೆ ಮೂರು ಪಟ್ಟು.

ಆಮೇಲೆ ಆ ಮಂಗಳವಾರ.
ದೂರದ ಯಾವುದೋ ಊರಲ್ಲಿ ಯಾರೋ ಮುಖ ಸಿಂಡರಿಸಿದರಂತೆ.
ಎಲ್ಲರೂ ಒಮ್ಮೆಗೇ ಎದ್ದು ಹೊರಟರು.
ಹೋಗುವವರು ಯಾರ ಚಪ್ಪಲಿ ಯಾವುದೆಂದು ನೋಡುವುದಿಲ್ಲ;
ಅವನದೂ ತುಳಿದರು, ನನ್ನದೂ ತುಳಿದರು.
ನೂರಕ್ಕೆ ಹತ್ತೊಂಬತ್ತು ಅವನಿಗೆ,
ನೂರಕ್ಕೆ ಹದಿನೆಂಟು ನನಗೆ.
ಇಪ್ಪತ್ತು ತ್ರೈಮಾಸಿಕದ ಲಾಭ ಕಾಪಾಡಿದ್ದು
ಆ ಒಂದನ್ನು.

ಶಂಶಾಲಂ ಷಾಫ್ಟಿನ ಹಗ್ಗ ಬಿಡುವವನು.
ಇಳಿಯುವ ಪಂಜರ ಅವನ ಕಣ್ಣಿಗೆ ಬೀಳುವುದಿಲ್ಲ.
ಗಂಟೆ ಮೂರು ಸಲ ಬಡಿದರೆ ಒಳಗೆ ಜನ ಇದ್ದಾರೆಂದು ನಂಬಿ
ಸನ್ನೆ ಎಳೆಯುತ್ತಾನೆ.
"ಎಲ್ಲರೂ ಗಂಟಿ ಬಡ್ಯಾಕತ್ಯಾರ, ಅದಕ್ಕ ನಾನೂ ಬಿಟ್ಟೀನಿ ಹಗ್ಗ."
ಡ್ರಮ್ಮಿನ ಮೇಲೆ ಸುಣ್ಣದ ಗುರುತು ಹಾಕಿರ್ತೀಯಲ್ಲ ತಮ್ಮಾ,
ಇಷ್ಟು ಸುತ್ತಿಗೆ ತಳ ಬಂತು ಅಂತ,
ಇದಕ್ಕ ಎಲ್ಲಿ ಹಾಕೀದಿ?

ಅವನು ನಕ್ಕ. ಚಹಾ ಲೋಟ ಕೆಳಗಿಟ್ಟ.
"ನಿಮ್ಮ ಬಂಗಾರ ಏನು ದುಡೀತದ ಅಮರಮ್ಮ?
ಹಾಲು ಕೊಡ್ತದೋ, ಬಾಡಿಗಿ ತರ್ತದೋ?
ಮಂದಿಗೆ ಬೇಕು ಅಂತ ಬೆಲಿ. ಮತ್ತೇನದ?"

ಉತ್ತರ ಹೇಳಬಹುದಿತ್ತು, ಆದರೆ
ಕಿಟಕಿಯಾಚೆ ಆ ಬೂದು ದಿಬ್ಬ.
ನಾನು ಹೊಸದಾಗಿ ಸೇರಿದಾಗ ಅದರ ಮಾದರಿ ತೂಗಿ
ಕಸ, ಎಂದು ಬರೆದು ಸಹಿ ಹಾಕಿದ್ದೆ.
ಟನ್ನಿಗೆ ಮುಕ್ಕಾಲು ಗ್ರಾಂ, ಅರೆದ ಖರ್ಚೂ ಹುಟ್ಟದು.
ಈಗ ಅದನ್ನೇ ಬಗೆದು ಲಾರಿಗೆ ತುಂಬುತ್ತಿದ್ದಾರೆ.
ಕಲ್ಲು ಬದಲಾಗಿಲ್ಲ.
ನನ್ನ ತಕ್ಕಡಿಯೂ ಸುಳ್ಳು ಹೇಳಿರಲಿಲ್ಲ.
ಎಲ್ಲೋ ಯಾರೋ ಇನ್ನಷ್ಟು ಬಯಸಿದರು,
ಕಸ ಅದಿರಾಯಿತು.
ನಾಳೆ ಬಯಸದಿದ್ದರೆ ಮತ್ತೆ ದಿಬ್ಬ.
ಆದರೂ ಆ ಮುಕ್ಕಾಲು ಗ್ರಾಂ ಇತ್ತಲ್ಲ, ಎನ್ನುತ್ತದೆ
ಸುಟ್ಟ ಹುಬ್ಬಿನ ಕೆಳಗಿನ ನನ್ನ ಹಟ.
ಏನೂ ಇಲ್ಲದ ಕಲ್ಲನ್ನು ಬಯಸಿದ್ದರೆ?
ಬಯಸುತ್ತಾರೆ. ನೋಡಿದ್ದೇನೆ.

ಗಂಟೆ ಬಡಿಯಿತು. ಅವನು ಓಡಿದ.
ಮಾರಿದನೋ ಇಲ್ಲವೋ ಕೇಳಲಿಲ್ಲ; ನಾನೂ ಮಾರಲಿಲ್ಲ.
ರಾತ್ರಿ ದಿಬ್ಬದ ಹೊಸ ಮಾದರಿ ಬಂತು.
ಗಾಜಿನ ಬಾಗಿಲು ಮುಚ್ಚಿ, ಉಸಿರು ಹಿಡಿದು ನಿಂತೆ.
ಕೊನೆಯ ಅಂಕಿ
ಏಳೋ ಎಂಟೋ ಎಂದು ಮಿಟುಕುತ್ತಲೇ ಇತ್ತು.